‘ಕ್ಯಾನ್ಸರ್‌ಗೆ ಮದ್ದು’ ಎಂದು ನಾನು ಹೇಳಲೇ ಇಲ್ಲ, ಆದರೂ ಫೋನು ನನಗೇ ಬರುತ್ತಿದೆ

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ಊರು ಚಿಕ್ಕಮಗಳೂರು ಜಿಲ್ಲೆಯ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮಲೆನಾಡಿನಲ್ಲಿ ಬೆಳೆಯುವ ಒಂದು ಗಿಡದ ಎಲೆಯಿಂದ ಬೇರ್ಪಡಿಸಿದ ರಾಸಾಯನಿಕವು ಸ್ತನ ಕ್ಯಾನ್ಸರಿನ ಜೀವಕೋಶಗಳ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದು ನನ್ನ ವಿಷಯ. ಪ್ರಯೋಗವೆಲ್ಲ ನಡೆದದ್ದು ಲ್ಯಾಬಿನ ಪ್ಲೇಟುಗಳಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ. ಇಲಿಯ ಮೇಲೂ ಇನ್ನೂ ಆಗಿಲ್ಲ.

ಈಚೆಗೆ ನಮ್ಮ ಪೇಪರ್ ಒಳ್ಳೆಯ ಜರ್ನಲ್ ಒಂದರಲ್ಲಿ ಪ್ರಕಟವಾಯಿತು. ಸಂಸ್ಥೆಯವರು ಪತ್ರಿಕಾ ಪ್ರಕಟಣೆ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ಪ್ರಯೋಗದ ನಡುವೆ ಇದ್ದೆ, ಪೂರ್ತಿ ಓದದೆ ‘ಓಕೆ ಸರ್’ ಎಂದುಬಿಟ್ಟೆ. ಸಂಜೆ ಒಬ್ಬ ವರದಿಗಾರರು ಫೋನ್ ಮಾಡಿ, ‘ಇದು ಔಷಧಿ ಆಗುತ್ತಾ ಮೇಡಂ?’ ಎಂದು ಕೇಳಿದರು. ‘ಮುಂದೆ ಆಗಬಹುದು, ಇನ್ನೂ ತುಂಬ ಕೆಲಸ ಬಾಕಿ ಇದೆ’ ಎಂದೆ. ಬೆಳಿಗ್ಗೆ ನೋಡಿದರೆ ನನ್ನ ಫೋಟೊ ಸಮೇತ ‘ಕ್ಯಾನ್ಸರ್‌ಗೆ ಮಲೆನಾಡಿನ ಮದ್ದು’ ಎಂಬ ಸುದ್ದಿ. ಪ್ಲೇಟಿನಲ್ಲಿ ಶೇ 70ರಷ್ಟು ಜೀವಕೋಶ ಸತ್ತಿದ್ದವು ಎಂದರೆ ಅಲ್ಲಿ ‘ಶೇ 70ರಷ್ಟು ಗುಣ’ ಎಂದಾಗಿತ್ತು.

ಅವತ್ತಿನಿಂದ ಫೋನು ನಿಂತಿಲ್ಲ. ಹಾಸನದ ಕಡೆಯವರೊಬ್ಬರು, ‘ನಮ್ಮ ಮನೆಯವರಿಗೆ ಕೀಮೋ ನಿಲ್ಲಿಸಿ ಈ ಎಲೆಯ ಕಷಾಯ ಕೊಡಲಾ?’ ಎಂದು ಅಳುತ್ತಾ ಕೇಳಿದರು. ಇನ್ನೊಬ್ಬರು ಎಲೆ ಒಣಗಿಸಿ ಪುಡಿ ಮಾಡಿ ಮಾರುತ್ತಾರಂತೆ, ಪ್ಯಾಕೆಟ್ ಮೇಲೆ ನನ್ನ ಫೋಟೊ ಬೇಕಂತೆ. ನಮ್ಮ ಗೈಡ್, ‘ನಿನ್ನ ಕೆಲಸ ಪೇಪರ್ ಬರೆಯೋದು, ಪೇಪರಿನಲ್ಲಿ ಬರೋದಲ್ಲ’ ಎಂದು ಎಲ್ಲರೆದುರು ಬೈದರು. ಊರಿನಲ್ಲಿ ಅಪ್ಪ ಆ ಸುದ್ದಿಗೆ ಲ್ಯಾಮಿನೇಶನ್ ಮಾಡಿಸಿ ಗೋಡೆಗೆ ಹಾಕಿದ್ದಾರೆ. ಅವರಿಗೆ ಏನು ಹೇಳಲಿ?

ಈಗ ನಮ್ಮ ಸಂಸ್ಥೆಯಲ್ಲಿ ಸಂಶೋಧಕರಿಗೆ ಎರಡು ದಿನದ ಮಾಧ್ಯಮ ಮತ್ತು ಸಂವಹನ ತರಬೇತಿ ಇದೆ. ಅದರ ಜೊತೆಗೇ ಒಂದು ಟಿ.ವಿ. ವಾಹಿನಿಯವರು ಚರ್ಚೆಗೆ ಕರೆದಿದ್ದಾರೆ. ನನಗೋ ಇನ್ನು ಜನ್ಮದಲ್ಲಿ ಪತ್ರಕರ್ತರ ಹತ್ತಿರ ಬಾಯಿ ಬಿಡಬಾರದು ಅನ್ನಿಸಿದೆ. ಕನ್ನಡದಲ್ಲಿ ವಿಜ್ಞಾನ ಹೇಳಲು ಹೋದರೆ ನಾಲಿಗೆಯೇ ಹೊರಳುವುದಿಲ್ಲ. ತರಬೇತಿಗೆ ಹೋಗಲೇ, ಸುಮ್ಮನಿದ್ದುಬಿಡಲೇ?

— ಹೆಸರು ಬೇಡ, ಬೆಂಗಳೂರು

ಉತ್ತರ: ತರಬೇತಿಗೆ ಹೋಗಿ. ಟಿ.ವಿ. ಚರ್ಚೆಗೆ ಸದ್ಯಕ್ಕೆ ಬೇಡ. ಇವೆರಡಕ್ಕೂ ಕಾರಣ ಹೇಳುತ್ತೇನೆ. ನಿಮ್ಮ ಹೆಸರಿನ ಜೊತೆಗೆ, ಪತ್ರದಲ್ಲಿ ನೀವು ಬರೆದಿದ್ದ ಗಿಡದ ಹೆಸರನ್ನೂ ನಾನು ಇಲ್ಲಿ ತೆಗೆದಿದ್ದೇನೆ. ಅದರ ಕಾರಣವೂ ಮುಂದೆ ಬರುತ್ತದೆ. ಅದಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ.

ಮೊದಲು, ಫೋನ್ ಮಾಡಿದವರಿಗೆ

ಹಾಸನದವರ ನಂಬರು ನಿಮ್ಮ ಫೋನಿನಲ್ಲಿ ಇದ್ದೇ ಇರುತ್ತದೆ. ಇವತ್ತೇ ನೀವಾಗಿ ಕರೆ ಮಾಡಿ. ‘ಪೇಪರಿನಲ್ಲಿ ಬಂದದ್ದು ಔಷಧಿಯ ಸುದ್ದಿಯಲ್ಲ. ನಾವು ಇದನ್ನು ಯಾವ ರೋಗಿಗೂ ಕೊಟ್ಟು ನೋಡಿಲ್ಲ, ಪ್ರಾಣಿಗೂ ಕೊಟ್ಟಿಲ್ಲ. ದಯವಿಟ್ಟು ಕೀಮೋ ನಿಲ್ಲಿಸಬೇಡಿ. ಏನೇ ಕೊಡುವುದಿದ್ದರೂ ನಿಮ್ಮ ಡಾಕ್ಟರನ್ನು ಕೇಳದೆ ಕೊಡಬೇಡಿ’ ಎಂದು ಹೇಳಿ. ಇಷ್ಟೇ ಮಾತು ಸಾಕು. ‘ಕುಡಿದರೆ ತೊಂದರೆ ಏನಿಲ್ಲ’ ಎಂದು ಮಾತ್ರ ಸಮಾಧಾನಕ್ಕೂ ಹೇಳಬೇಡಿ. ಕೆಲವು ಗಿಡಮೂಲಿಕೆಗಳು ಕೀಮೋ ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ಏರುಪೇರು ಮಾಡುತ್ತವೆ. ಎಲ್ಲಿ ತೋರಿಸಬೇಕೆಂದು ದಿಕ್ಕು ತೋಚದವರಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯನ್ನೋ ಅವರ ಜಿಲ್ಲಾಸ್ಪತ್ರೆಯನ್ನೋ ಸೂಚಿಸಿ. ಇದೇ ನಾಲ್ಕು ವಾಕ್ಯಗಳನ್ನು ಮೆಸೇಜ್ ಮಾಡಿಟ್ಟುಕೊಂಡರೆ ಮುಂದೆ ಬರುವ ಪ್ರತಿಯೊಂದು ಕರೆಗೂ ಉತ್ತರ ಸಿದ್ಧವಿರುತ್ತದೆ.

ಪುಡಿ ಮಾರುವವರಿಗೆ ಬಾಯಿಮಾತಿನ ಉತ್ತರ ಸಾಲದು. ನಿಮ್ಮ ಹೆಸರು, ಫೋಟೊ, ಸಂಸ್ಥೆಯ ಹೆಸರು ಯಾವುದನ್ನೂ ಬಳಸಕೂಡದೆಂದು ಬರವಣಿಗೆಯಲ್ಲಿ ತಿಳಿಸಿ, ಒಂದು ಪ್ರತಿಯನ್ನು ಸಂಸ್ಥೆಯ ಆಡಳಿತ ಕಚೇರಿಗೆ ಕೊಡಿ. ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ 1954ರಿಂದಲೇ ನಿಷೇಧಿಸಿದೆ. ಆ ಮಾತನ್ನೂ ಪತ್ರದಲ್ಲಿ ಸೇರಿಸಿ.

ಮೂರನೆಯದು, ಪತ್ರಿಕೆಯ ಸಂಪಾದಕರಿಗೆ ಒಂದು ಪತ್ರ. ಕೋಪ, ದೂರು ಬೇಡ. ಸುದ್ದಿ ಪ್ರಕಟವಾದ ದಿನ, ತಪ್ಪಾಗಿ ಅಚ್ಚಾದ ವಾಕ್ಯ, ಸರಿಯಾದ ವಾಕ್ಯ, ಓದುಗರು ಚಿಕಿತ್ಸೆ ನಿಲ್ಲಿಸಬಾರದೆಂಬ ವಿನಂತಿ, ಇವು ನಾಲ್ಕೇ ಇರಲಿ. ತಪ್ಪು ಗಮನಕ್ಕೆ ಬಂದರೆ ತಡಮಾಡದೆ, ಕಣ್ಣಿಗೆ ಬೀಳುವಂತೆ ತಿದ್ದುಪಡಿ ಹಾಕಬೇಕೆಂಬುದು ಭಾರತೀಯ ಪತ್ರಿಕಾ ಮಂಡಳಿಯ ನೀತಿಸಂಹಿತೆಯಲ್ಲೇ ಇದೆ. ವರದಿ ಮಾಡಿದವರಿಗೂ ಒಂದು ಫೋನ್ ಮಾಡಿ. ರೋಗಿಯೊಬ್ಬರು ಕೀಮೋ ನಿಲ್ಲಿಸಲು ಹೊರಟಿದ್ದರು ಎಂದು ತಿಳಿದರೆ ಬಹುಪಾಲು ವರದಿಗಾರರು ತಾವೇ ಮುಂದೆ ನಿಂತು ತಿದ್ದಿಸುತ್ತಾರೆ.

ಮಾತು ಜಾರಿದ್ದು ಎಲ್ಲಿ

ನಿಮ್ಮ ಪತ್ರವನ್ನು ನಿಧಾನವಾಗಿ ಓದಿದರೆ ಮಾತು ಮೂರು ಕಡೆ ಜಾರಿರುವುದು ಕಾಣುತ್ತದೆ. ಮೂರನ್ನೂ ಅಭ್ಯಾಸದಿಂದ ಸರಿಪಡಿಸಿಕೊಳ್ಳಬಹುದು.

ಮೊದಲನೆಯದು ಪತ್ರಿಕಾ ಪ್ರಕಟಣೆ. ಸುದ್ದಿ ಉತ್ಪ್ರೇಕ್ಷೆಯಾದರೆ ನಾವೆಲ್ಲ ಪತ್ರಕರ್ತರತ್ತ ಬೆರಳು ತೋರಿಸುತ್ತೇವೆ. ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿಯೇ ನೋಡಿದರು. ಬ್ರಿಟನ್ನಿನ 20 ಪ್ರಮುಖ ವಿಶ್ವವಿದ್ಯಾಲಯಗಳು 2011ರಲ್ಲಿ ಹೊರಡಿಸಿದ, ಆರೋಗ್ಯಕ್ಕೆ ಸಂಬಂಧಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪೇಪರಿನ ಜೊತೆಗೂ ಪತ್ರಿಕೆಗಳಲ್ಲಿ ಬಂದ ಸುದ್ದಿಯ ಜೊತೆಗೂ ಹೋಲಿಸಿದರು. ಅವರ ವರದಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಪ್ರಾಣಿಗಳ ಮೇಲಿನ ಪ್ರಯೋಗದ ಬಗೆಗಿನ ಪ್ರಕಟಣೆಗಳಲ್ಲಿ ಶೇ 36ರಷ್ಟು, ಅದರ ಫಲಿತಾಂಶವನ್ನು ಮನುಷ್ಯರಿಗೆ ಅನ್ವಯಿಸಿ ಹಿಗ್ಗಿಸಿ ಹೇಳಿದ್ದವು. ಪ್ರಕಟಣೆ ಹೀಗೆ ಹಿಗ್ಗಿಸಿದ್ದಾಗ ಶೇ 86ರಷ್ಟು ಸುದ್ದಿಗಳೂ ಹಿಗ್ಗಿಸಿದ್ದವು. ಪ್ರಕಟಣೆ ಅಳತೆಯಲ್ಲಿದ್ದಾಗ ಹಿಗ್ಗಿಸಿದ ಸುದ್ದಿಗಳು ಶೇ 10 ಮಾತ್ರ. ಹಿಗ್ಗಿಸಿ ಬರೆದರೆ ಹೆಚ್ಚು ಪತ್ರಿಕೆಗಳು ಸುದ್ದಿ ಮಾಡುತ್ತವೆ ಎಂಬುದಕ್ಕೆ ಅವರಿಗೆ ಗಟ್ಟಿ ಆಧಾರ ಸಿಗಲಿಲ್ಲ.

ಸಂಶೋಧಕರಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಇನ್ನೊಂದಿಲ್ಲ. ಪ್ರಕಟಣೆಯ ಕರಡು ನಿಮ್ಮ ಕೈಗೆ ಬರುತ್ತದೆ, ತಿದ್ದುವ ಹಕ್ಕು ನಿಮಗಿದೆ. ಇನ್ನು ಮುಂದೆ ಆ ಒಂದು ಪುಟಕ್ಕೆ ಅರ್ಧ ಗಂಟೆ ಎತ್ತಿಡಿ. ಪೇಪರನ್ನು ಪಕ್ಕದಲ್ಲಿಟ್ಟುಕೊಂಡು, ಪ್ರಕಟಣೆಯ ಪ್ರತಿಯೊಂದು ವಾಕ್ಯಕ್ಕೂ ಪೇಪರಿನಲ್ಲಿ ಆಧಾರ ಎಲ್ಲಿದೆ ಎಂದು ಬೆರಳಿಟ್ಟು ನೋಡಿ. ಬೆರಳಿಡಲು ಜಾಗ ಸಿಗದ ವಾಕ್ಯವನ್ನು ಹೊಡೆದು ಹಾಕಿ. ‘ಕ್ರಾಂತಿ’, ‘ಪವಾಡ’, ‘ಮೊಟ್ಟಮೊದಲ ಬಾರಿಗೆ’ ಎಂಬ ಪದಗಳು ಕಂಡರೆ ಅಲ್ಲಿಯೇ ನಿಲ್ಲಿ.

ಎರಡನೆಯದು ಫೋನಿನ ಮಾತು. ‘ಮುಂದೆ ಆಗಬಹುದು, ಇನ್ನೂ ತುಂಬ ಕೆಲಸ ಬಾಕಿ ಇದೆ’ ಎಂದಿರಿ. ವಿಜ್ಞಾನಿಯ ಕಿವಿಗೆ ಇದರಲ್ಲಿ ದೊಡ್ಡದಾಗಿ ಕೇಳಿಸುವುದು ಉತ್ತರಾರ್ಧ. ಕೇಳುವ ಜನರಿಗೆ, ಅದರಲ್ಲೂ ಮನೆಯಲ್ಲಿ ರೋಗಿ ಇರುವವರಿಗೆ, ಪೂರ್ವಾರ್ಧವೊಂದೇ ಕೇಳಿಸುತ್ತದೆ. ಪೇಪರ್ ಬರೆಯುವಾಗ ಪೀಠಿಕೆ, ವಿಧಾನ, ಫಲಿತಾಂಶ ಎಲ್ಲ ಮುಗಿದ ಮೇಲೆ ಕೊನೆಯ ಪ್ಯಾರಾದಲ್ಲಿ ಅಧ್ಯಯನದ ಮಿತಿಗಳನ್ನು ಹೇಳುವುದು ನಿಮಗೆ ರೂಢಿ. ಸುದ್ದಿಯಲ್ಲಿ ಜಾಗ ಸಾಲದಿದ್ದರೆ ಮೊದಲು ಕತ್ತರಿ ಬೀಳುವುದು ಆ ಕೊನೆಗೇ. ಆದ್ದರಿಂದ ಮಾಧ್ಯಮದ ಮುಂದೆ ಮಿತಿಯನ್ನು ಮೊದಲ ವಾಕ್ಯದಲ್ಲೇ ಹೇಳಿ. ಇಡೀ ಉತ್ತರದಲ್ಲಿ ನಿಮಗೆ ಒಂದೇ ಒಂದು ಮಾತು ನೆನಪಿರುವುದಾದರೆ ಇದು ನೆನಪಿರಲಿ.

ಮೂರನೆಯದು ತಲೆಬರಹ ಮತ್ತು ಅಂಕಿ. ನಿಮ್ಮ ಜೊತೆ ಮಾತಾಡಿದ ವರದಿಗಾರರು ಸಾಮಾನ್ಯವಾಗಿ ತಲೆಬರಹ ಕೊಡುವುದಿಲ್ಲ. ಅದನ್ನು ಡೆಸ್ಕಿನಲ್ಲಿ ಕುಳಿತ ಉಪಸಂಪಾದಕರು, ಹತ್ತಾರು ಸುದ್ದಿಗಳ ನಡುವೆ, ಪುಟ ಮುಗಿಸುವ ಅವಸರದಲ್ಲಿ ಬರೆಯುತ್ತಾರೆ. ಅವರು ನಿಮ್ಮ ಪೇಪರ್ ನೋಡಿರುವುದಿಲ್ಲ, ನಿಮ್ಮ ದನಿ ಕೇಳಿರುವುದಿಲ್ಲ. ವರದಿಗಾರರಿಗೆ ನೀವೇ ಒಂದು ತಲೆಬರಹ ಸೂಚಿಸಿ: ‘ಕ್ಯಾನ್ಸರ್ ಜೀವಕೋಶ ಕೊಲ್ಲುವ ಸಸ್ಯ ರಾಸಾಯನಿಕ: ಲ್ಯಾಬಿನಲ್ಲಿ ಮೊದಲ ಹೆಜ್ಜೆ’. ಅವರು ಅದನ್ನೇ ಹಾಕಬೇಕೆಂದೇನೂ ಇಲ್ಲ, ಆದರೆ ‘ಲ್ಯಾಬಿನಲ್ಲಿ’ ಎಂಬ ಪದ ಡೆಸ್ಕಿನವರೆಗೆ ಹೋಗುತ್ತದೆ.

ಅಂಕಿ ಹೇಳುವಾಗ ಯಾವುದರಲ್ಲಿ ಎಷ್ಟು ಎಂದು ಬಿಡಿಸಿ ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ 1995ರ ಗರ್ಭನಿರೋಧಕ ಮಾತ್ರೆಯ ಪ್ರಕರಣ ಸಾಕ್ಷಿ. ಹೊಸ ಬಗೆಯ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಅಲ್ಲಿನ ಔಷಧ ಸುರಕ್ಷತಾ ಸಮಿತಿ ಎಚ್ಚರಿಸಿತು. ಮಾತು ಸುಳ್ಳಲ್ಲ. ಆದರೆ ಆ ಎರಡು ಪಟ್ಟು ಎಂದರೆ 7,000 ಹೆಂಗಸರಲ್ಲಿ ಒಬ್ಬರಿಗೆ ಬರುತ್ತಿದ್ದದ್ದು ಇಬ್ಬರಿಗೆ ಬರುವುದು. ಅಷ್ಟನ್ನು ಬಿಡಿಸಿ ಹೇಳದ್ದರಿಂದ ಸಾವಿರಾರು ಹೆಂಗಸರು ಗಾಬರಿಯಿಂದ ಮಾತ್ರೆ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಸುಮಾರು 13,000ದಷ್ಟು ಹೆಚ್ಚಾದವೆಂದು ಅಂದಾಜು. ನಿಮ್ಮ ‘ಶೇ 70’ಕ್ಕೂ ಹೀಗೇ ಹಿಂದೆ ಮುಂದೆ ಮಾತು ಬೇಕು: ಪ್ಲೇಟಿನಲ್ಲಿದ್ದ ನೂರು ಜೀವಕೋಶಗಳಲ್ಲಿ ಎಪ್ಪತ್ತು ಸತ್ತವು, ರೋಗಿಗಳ ಲೆಕ್ಕ ಇದರಲ್ಲಿ ಇಲ್ಲ.

ಸುಮ್ಮನಿದ್ದರೆ?

ಬಾಯಿ ಬಿಡುವುದೇ ಇಲ್ಲ ಎಂಬ ನಿಮ್ಮ ನಿರ್ಧಾರ ನನಗೆ ಅರ್ಥವಾಗುತ್ತದೆ. ಸುಟ್ಟುಕೊಂಡವರು ಬೆಂಕಿಯಿಂದ ದೂರ ಸರಿಯುವುದು ಸಹಜ. ಆದರೆ ವಿಜ್ಞಾನಿ ಸುಮ್ಮನಿದ್ದರೆ ಸುದ್ದಿ ಸುಮ್ಮನಿರುವುದಿಲ್ಲ. ಬೇರೆ ಯಾರೋ ಮಾತಾಡುತ್ತಾರೆ.

ಇಟಲಿಯ ಲಾಕ್ವಿಲಾ ಎಂಬ ಊರಿನಲ್ಲಿ 2009ರ ಆರಂಭದಲ್ಲಿ ಸಣ್ಣ ಸಣ್ಣ ಕಂಪನಗಳು ಮೇಲಿಂದ ಮೇಲೆ ಆಗುತ್ತಿದ್ದವು. ಮಾರ್ಚ್ 31ರಂದು ತಜ್ಞರ ಸಭೆ ಸೇರಿತು. ನಾಗರಿಕ ರಕ್ಷಣಾ ಇಲಾಖೆಯ ಅಧಿಕಾರಿಯೊಬ್ಬರು ಟಿ.ವಿ. ಮುಂದೆ, ಹೀಗೆ ಸಣ್ಣದಾಗಿ ಕಂಪಿಸುತ್ತಿದ್ದರೆ ಭೂಮಿಯೊಳಗಿನ ಶಕ್ತಿ ಹೊರಹೋಗುತ್ತದೆ, ಅಪಾಯವಿಲ್ಲವೆಂದು ವಿಜ್ಞಾನಿಗಳು ಹೇಳುತ್ತಿದ್ದಾರೆ ಎಂಬರ್ಥದ ಮಾತಾಡಿದರು. ಆ ಮಾತಿಗೆ ವಿಜ್ಞಾನದ ಆಧಾರವಿರಲಿಲ್ಲ. ಅದನ್ನು ತಿದ್ದುವ ವಿಜ್ಞಾನಿಯ ದನಿ ಜನರಿಗೆ ಸಮಯಕ್ಕೆ ಕೇಳಿಸಲಿಲ್ಲ. ಏಪ್ರಿಲ್ 6ರ ರಾತ್ರಿ ದೊಡ್ಡ ಭೂಕಂಪವಾಗಿ 309 ಮಂದಿ ಸತ್ತರು. ಕಂಪನವಾದಾಗ ಮನೆಬಿಟ್ಟು ಬಯಲಿನಲ್ಲಿ ಮಲಗುವ ರೂಢಿಯಿದ್ದ ತಮ್ಮವರು ಆ ಮಾತನ್ನು ನಂಬಿ ಒಳಗೇ ಉಳಿದರು ಎಂದು ಕೆಲವು ಕುಟುಂಬದವರು ನ್ಯಾಯಾಲಯದಲ್ಲಿ ಹೇಳಿದರು. ಆರು ವಿಜ್ಞಾನಿಗಳಿಗೂ ಆ ಅಧಿಕಾರಿಗೂ 2012ರಲ್ಲಿ ಆರು ವರ್ಷದ ಶಿಕ್ಷೆಯಾಯಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ವಿಜ್ಞಾನಿಗಳನ್ನು ಬಿಡುಗಡೆ ಮಾಡಿ, ಅಧಿಕಾರಿಯ ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿತು. ಭೂಕಂಪದ ದಿನವನ್ನು ಯಾರೂ ಮುಂಗಾಣಲಾರರು, ಆ ವಿಷಯದಲ್ಲಿ ಅವರ ತಪ್ಪಿಲ್ಲ. ಆದರೆ ತಮ್ಮ ಹೆಸರಿನಲ್ಲಿ ಹೊರಟ ತಪ್ಪು ಮಾತನ್ನು ತಾವೇ ತಿದ್ದುವ ಹೊಣೆ ವಿಜ್ಞಾನಿಯದು ಎಂಬ ಪಾಠ ಉಳಿಯಿತು. ನಿಮ್ಮ ಹೆಸರಿನಲ್ಲಿಯೂ ಈಗ ಒಂದು ತಪ್ಪು ಮಾತು ಊರೂರು ಸುತ್ತುತ್ತಿದೆ. ಅದನ್ನು ನಿಲ್ಲಿಸಬಲ್ಲವರು ನೀವೇ.

ನಿಮ್ಮ ಗೈಡ್ ಬೈದದ್ದರಿಂದ ನೋವಾಗಿರುತ್ತದೆ, ಎಲ್ಲರೆದುರು ಬೈದದ್ದಂತೂ ಸರಿಯಲ್ಲ. ಆದರೂ ಅವರ ಕೋಪದ ಹಿಂದೆ ಲ್ಯಾಬಿನ ಹೆಸರು ಕೆಡಬಾರದೆಂಬ ಕಾಳಜಿ ಇದೆ. ಅವರ ಬಳಿ ಒಬ್ಬರೇ ಹೋಗಿ, ಸಂಪಾದಕರಿಗೆ ಬರೆದ ಪತ್ರವನ್ನು ತೋರಿಸಿ, ‘ಸರ್, ಇದನ್ನು ಕಳಿಸುವ ಮೊದಲು ನೀವೊಮ್ಮೆ ನೋಡಬೇಕು’ ಎನ್ನಿ. ಸರಿಪಡಿಸುವ ಕೆಲಸದಲ್ಲಿ ಅವರನ್ನೂ ಸೇರಿಸಿಕೊಂಡರೆ ಅರ್ಧ ಮುನಿಸು ಅಲ್ಲೇ ಇಳಿಯುತ್ತದೆ. ಜನರೊಡನೆ ಮಾತಾಡುವುದು ಸಂಶೋಧಕರ ಕೆಲಸವೇ ಅಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ಹೊರಡಿಸಿದ ವೈಜ್ಞಾನಿಕ ಸಾಮಾಜಿಕ ಹೊಣೆಗಾರಿಕೆಯ ಮಾರ್ಗಸೂಚಿಯು ಪ್ರತಿಯೊಬ್ಬ ವಿಜ್ಞಾನ ಕೆಲಸಗಾರರೂ ವರ್ಷಕ್ಕೆ ಕನಿಷ್ಠ 10 ದಿನಗಳನ್ನು ತಮ್ಮ ಜ್ಞಾನವನ್ನು ಸಮಾಜದೊಂದಿಗೆ ಹಂಚಿಕೊಳ್ಳುವ ಕೆಲಸಕ್ಕೆ ಕೊಡಬೇಕೆನ್ನುತ್ತದೆ. ನಿಮ್ಮ ಫೆಲೋಶಿಪ್ ಬರುವುದು ಜನರ ತೆರಿಗೆಯಿಂದ. ಅವರಿಗೆ ಲೆಕ್ಕ ಒಪ್ಪಿಸುವುದು ಪ್ರಚಾರದ ಗೀಳು ಹೇಗಾದೀತು?

ತರಬೇತಿಯಲ್ಲಿ ಏನು ಪಡೆಯಬೇಕು

ಇಂಥ ತರಬೇತಿಗೆ ಬರುವ ಬಹುಪಾಲು ಸಂಶೋಧಕರು ಒಂದು ಮೂಲೆಯಲ್ಲಿ ಕುಳಿತು, ಸ್ಲೈಡುಗಳ ಫೋಟೊ ತೆಗೆದುಕೊಂಡು, ಪ್ರಮಾಣಪತ್ರ ಹಿಡಿದು ಹೋಗುತ್ತಾರೆ. ಹಾಗೆ ಮಾಡಬೇಡಿ. ನಿಮ್ಮ ಪೇಪರನ್ನೂ, ತಪ್ಪಾಗಿ ಬಂದ ಆ ಸುದ್ದಿಯನ್ನೂ ಜೊತೆಗೆ ಒಯ್ಯಿರಿ. ಮೊದಲ ದಿನವೇ ತರಬೇತುದಾರರ ಮುಂದಿಟ್ಟು, ‘ಇದನ್ನು ನಾನು ಹೇಗೆ ಹೇಳಬೇಕಿತ್ತು?’ ಎಂದು ಕೇಳಿ. ಸಂಕೋಚ ಪಡಬೇಡಿ, ಆ ಕೋಣೆಯಲ್ಲಿ ನಿಜವಾದ ಅನುಭವ ಇರುವವರು ನೀವೇ ಆಗಿರಬಹುದು.

ತರಬೇತಿಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು ಕ್ಯಾಮೆರಾ ಮುಂದಿನ ಅಣಕು ಸಂದರ್ಶನ. ಒಬ್ಬರು ವರದಿಗಾರರಂತೆ ಪ್ರಶ್ನೆ ಹಾಕುತ್ತಾರೆ, ನೀವು ಉತ್ತರಿಸುತ್ತೀರಿ, ಆಮೇಲೆ ನಿಮ್ಮ ಉತ್ತರವನ್ನು ನಿಮಗೇ ತೋರಿಸುತ್ತಾರೆ. ನಿಮ್ಮದು ಹೀಗೆ ನಡೆಯಲಿ:

‘ಹಾಗಾದರೆ ಕ್ಯಾನ್ಸರ್‌ಗೆ ಔಷಧಿ ಸಿಕ್ಕಿತು ಅನ್ನಬಹುದಾ ಮೇಡಂ?’

‘ಇಲ್ಲ, ಔಷಧಿ ಸಿಕ್ಕಿಲ್ಲ. ಲ್ಯಾಬಿನಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುವ ಒಂದು ರಾಸಾಯನಿಕ ಸಿಕ್ಕಿದೆ. ಪ್ಲೇಟಿನಲ್ಲಿರುವ ಜೀವಕೋಶವನ್ನು ಕೊಲ್ಲುವುದು ಕಷ್ಟವಲ್ಲ, ಬ್ಲೀಚಿಂಗ್ ಪೌಡರ್ ಕೂಡ ಕೊಲ್ಲುತ್ತದೆ. ಆರೋಗ್ಯವಾಗಿರುವ ಜೀವಕೋಶಗಳನ್ನು ಉಳಿಸಿ ಕ್ಯಾನ್ಸರಿನವನ್ನು ಮಾತ್ರ ಕೊಲ್ಲುತ್ತದೆಯೇ ಎಂಬುದನ್ನು ಈಗ ನೋಡಬೇಕು.’

‘ಔಷಧಿಯಾಗಲು ಎಷ್ಟು ವರ್ಷ ಬೇಕು?’

‘ಅದನ್ನು ಈಗ ಹೇಳಲಾಗದು. ಇಂಥ ರಾಸಾಯನಿಕಗಳಲ್ಲಿ ಹೆಚ್ಚಿನವು ಔಷಧಿಯಾಗುವುದೇ ಇಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಪೆಸಿಫಿಕ್ ಯೂ ಎಂಬ ಮರದ ತೊಗಟೆಯನ್ನು 1962ರಲ್ಲಿ ಸಂಗ್ರಹಿಸಿದರು. ಅದರ ಸಾರ ಜೀವಕೋಶಗಳನ್ನು ಕೊಲ್ಲುತ್ತದೆಂದು 1964ರಲ್ಲಿ ಗೊತ್ತಾಯಿತು. ಅದರಲ್ಲಿದ್ದ ಟ್ಯಾಕ್ಸಾಲ್ ಎಂಬ ರಾಸಾಯನಿಕದ ರಚನೆಯನ್ನು ವಾಲ್ ಮತ್ತು ವಾಣಿ ಎಂಬ ವಿಜ್ಞಾನಿಗಳು 1971ರಲ್ಲಿ ಪ್ರಕಟಿಸಿದರು. ಔಷಧಿಯೆಂದು ಅನುಮತಿ ಸಿಕ್ಕಿದ್ದು 1992ರಲ್ಲಿ. ನಾವು ಈಗ ಇರುವುದು ಅವರ 1964ರ ಹಂತದಲ್ಲಿ.’

‘ಜನ ಈ ಎಲೆಯ ಕಷಾಯ ಕುಡಿಯಬಹುದಾ?’

‘ಬೇಡ. ಎಲೆಯಲ್ಲಿ ಆ ರಾಸಾಯನಿಕ ಒಂದೇ ಇರುವುದಿಲ್ಲ. ಎಷ್ಟು ಪ್ರಮಾಣ ಸುರಕ್ಷಿತ ಎಂಬುದನ್ನು ಯಾರೂ ಪರೀಕ್ಷಿಸಿಲ್ಲ. ವೈದ್ಯರು ಕೊಡುತ್ತಿರುವ ಚಿಕಿತ್ಸೆಯನ್ನು ಬಿಡಬೇಡಿ.’

ಈ ಉತ್ತರಗಳಲ್ಲಿ ‘ಇಲ್ಲ’, ‘ಹೇಳಲಾಗದು’, ‘ಬೇಡ’ ಮೊದಲು ಬಂದದ್ದನ್ನು ಗಮನಿಸಿ. ಎಲ್ಲಿಂದ ಕತ್ತರಿಸಿದರೂ ಮಿತಿ ಉಳಿಯುತ್ತದೆ. ಹಾಗೆಂದು ವರದಿಗಾರರಿಗೆ ಸುದ್ದಿಯೇ ಇಲ್ಲದಂತೆಯೂ ಆಗಲಿಲ್ಲ. ಒಂದು ಮರದ ತೊಗಟೆ ಔಷಧಿಯಾಗಲು ಮೂವತ್ತು ವರ್ಷ ಹಿಡಿದ ಕಥೆ ‘ಮದ್ದು ಸಿಕ್ಕಿತು’ ಎಂಬ ಸುಳ್ಳಿಗಿಂತ ಸೊಗಸಾದ ಸುದ್ದಿ.

ಇದರ ಜೊತೆಗೆ ಕೇಳಿ ತಿಳಿಯಬೇಕಾದ ಸಣ್ಣಪುಟ್ಟ ವಿಷಯಗಳಿವೆ. ‘ಇದನ್ನು ಬರೆದುಕೊಳ್ಳಬೇಡಿ’ ಎಂದು ಹೇಳಿ ಏನನ್ನೂ ಹೇಳಬೇಡಿ, ಬರೆಯಬಾರದ್ದನ್ನು ಹೇಳಲೇಬೇಡಿ. ಇಡೀ ವರದಿಯನ್ನು ಮೊದಲೇ ತೋರಿಸಿ ಎಂದು ಪತ್ರಕರ್ತರನ್ನು ಕೇಳುವುದು ಅವರ ವೃತ್ತಿಗೆ ಒಗ್ಗದ ಮಾತು. ಆದರೆ ‘ನನ್ನ ಹೆಸರಿನಲ್ಲಿ ಹಾಕುವ ಮಾತನ್ನೂ ಅಂಕಿಗಳನ್ನೂ ಒಮ್ಮೆ ಓದಿ ಹೇಳುತ್ತೀರಾ?’ ಎಂದು ಕೇಳಬಹುದು, ಹೆಚ್ಚಿನವರು ಒಪ್ಪುತ್ತಾರೆ. ಅನಿರೀಕ್ಷಿತವಾಗಿ ಕರೆ ಬಂದರೆ ತಕ್ಷಣ ಉತ್ತರಿಸಬೇಕೆಂಬ ಕಟ್ಟುಪಾಡಿಲ್ಲ. ‘ಪುಟ ಎಷ್ಟು ಹೊತ್ತಿಗೆ ಮುಗಿಸುತ್ತೀರಿ? ಹದಿನೈದು ನಿಮಿಷದಲ್ಲಿ ನಾನೇ ಕರೆ ಮಾಡುತ್ತೇನೆ’ ಎಂದು ಹೇಳಿ, ಮೂರು ವಾಕ್ಯ ಬರೆದುಕೊಂಡು, ಕೊಟ್ಟ ಮಾತಿನಂತೆ ಕರೆ ಮಾಡಿ. ನಿಮ್ಮ ಪೇಪರಿನ ಹೊರಗಿನ ಪ್ರಶ್ನೆ ಬಂದರೆ, ‘ಅದು ನನ್ನ ವಿಷಯವಲ್ಲ, ಇಂಥವರನ್ನು ಕೇಳಿ’ ಎನ್ನುವುದು ಗೌರವದ ಉತ್ತರವೇ.

ಎರಡು ದಿನದಲ್ಲಿ ಎಲ್ಲವೂ ಬಂದುಬಿಡುವುದಿಲ್ಲ. ಅಭ್ಯಾಸ ಮುಂದುವರಿಸಲು ದಾರಿಗಳಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರುಮಾಡಿದ ಸ್ಪರ್ಧೆಯೊಂದಿದೆ: ಇಡೀ ಪಿಎಚ್.ಡಿ ಪ್ರಬಂಧವನ್ನು ಒಂದೇ ಸ್ಲೈಡ್ ಇಟ್ಟುಕೊಂಡು ಮೂರು ನಿಮಿಷದಲ್ಲಿ ಹೇಳಬೇಕು. ಅದನ್ನು ನಿಮ್ಮ ಹಾಸ್ಟೆಲಿನಲ್ಲೇ ಗೆಳತಿಯರ ಜೊತೆ ಆಡಬಹುದು. ಬೆಂಗಳೂರಿನಲ್ಲೇ ಇರುವ ಇಂಡಿಯಾ ಬಯೋಸೈನ್ಸ್ ಸಂಸ್ಥೆ ಜೀವವಿಜ್ಞಾನದ ಸಂಶೋಧಕರಿಗೆ ಬರೆಯಲು ವೇದಿಕೆ ಕೊಡುತ್ತಾ ಬಂದಿದೆ.

ಕನ್ನಡದಲ್ಲಿ ಹೇಳುವುದು

ಕನ್ನಡದಲ್ಲಿ ನಾಲಿಗೆ ಹೊರಳುವುದಿಲ್ಲ ಎಂದಿದ್ದೀರಿ. ನಿಮ್ಮ ಪತ್ರ ಹಾಗೆ ಹೇಳುವುದಿಲ್ಲ. ‘ಲ್ಯಾಬಿನ ಪ್ಲೇಟುಗಳಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ. ಇಲಿಯ ಮೇಲೂ ಇನ್ನೂ ಆಗಿಲ್ಲ’ ಎಂದು ನನಗೆ ಬರೆದಿರಲ್ಲ, ಅಷ್ಟೇ ಸ್ಪಷ್ಟವಾದ ಕನ್ನಡವನ್ನು ವರದಿಗಾರರಿಗೆ ಹೇಳಿದ್ದರೆ ಸಾಕಾಗಿತ್ತು. ಲ್ಯಾಬು, ಪ್ಲೇಟು, ಕೀಮೋ, ಟ್ಯೂಮರ್ ಎಂಬ ಪದಗಳು ಜನರ ಬಾಯಲ್ಲೇ ಇವೆ, ಧಾರಾಳವಾಗಿ ಬಳಸಿ. ಭಾರವಾದ ಪಾರಿಭಾಷಿಕ ಪದ ನೆನಪಾಗಲಿಲ್ಲವೆಂದು ಮಾತು ನಿಲ್ಲಿಸಬೇಡಿ, ಆ ವಸ್ತು ಏನು ಮಾಡುತ್ತದೆ ಎಂಬುದನ್ನು ಹೇಳಿ.

ನಿಮ್ಮ ಹಿಂದೆ ದೊಡ್ಡ ಪರಂಪರೆಯೇ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದದ್ದು 1918ರಲ್ಲಿ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಾರವಾರವೂ ವಿಜ್ಞಾನಿಗಳನ್ನು ಜನರೆದುರು ತಂದು ಮಾತಾಡಿಸಿದರು. ಬಿ.ಜಿ.ಎಲ್. ಸ್ವಾಮಿಯವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾಗಿದ್ದು, ವಿಜ್ಞಾನ ಲೋಕಕ್ಕೆ ಪೇಪರುಗಳನ್ನು ಬರೆಯುತ್ತಲೇ ಕನ್ನಡಿಗರಿಗೆ ಗಿಡಮರಗಳ ಕಥೆ ಹೇಳಿದರು. ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜನರಿಗೆ ತಿಳಿಯುವಂತೆ ಬರೆದದ್ದರಿಂದ ಅವರ ವಿಜ್ಞಾನದ ಘನತೆ ಒಂದಿಷ್ಟೂ ತಗ್ಗಲಿಲ್ಲ.

ಅಭ್ಯಾಸವನ್ನು ಅಪ್ಪನಿಂದಲೇ ಶುರುಮಾಡಿ. ಗೋಡೆಯ ಮೇಲಿರುವುದನ್ನು ತೆಗೆಯಿರಿ ಎಂದು ಫೋನಿನಲ್ಲಿ ಹೇಳಬೇಡಿ, ಅವರ ಹೆಮ್ಮೆಗೆ ಪೆಟ್ಟಾಗುತ್ತದೆ. ಊರಿಗೆ ಹೋದಾಗ ಪಕ್ಕದಲ್ಲಿ ಕೂತು, ‘ಅಪ್ಪಾ, ನಾನು ನಿಜವಾಗಿ ಮಾಡಿದ್ದು ಇಷ್ಟು, ಪೇಪರಿನವರು ಬರೆದದ್ದು ಇಷ್ಟು’ ಎಂದು ಬಿಡಿಸಿ ಹೇಳಿ. ಅವರು ಅದನ್ನು ನೆರೆಯವರಿಗೆ ತಿರುಗಿ ಹೇಳುವಾಗ ನೀವು ಕೇಳಿಸಿಕೊಳ್ಳಿ. ಅವರ ಮಾತಿನಲ್ಲಿ ‘ಇನ್ನೂ ಔಷಧಿಯಾಗಿಲ್ಲ’ ಎಂಬುದು ಉಳಿದಿದ್ದರೆ ನೀವು ಗೆದ್ದಿರಿ. ಉಳಿದಿಲ್ಲವಾದರೆ ವಾಕ್ಯವನ್ನು ಇನ್ನೊಂದಿಷ್ಟು ಸರಳ ಮಾಡಿ. ಯಾವ ತರಬೇತಿಯ ಪರೀಕ್ಷೆಗಿಂತಲೂ ಇದು ಕಠಿಣವಾದದ್ದು.

ಟಿ.ವಿ. ಚರ್ಚೆ, ಗಿಡದ ಹೆಸರು

ಟಿ.ವಿ. ಚರ್ಚೆಗೆ ಸದ್ಯ ಹೋಗಬೇಡಿ. ನೇರಪ್ರಸಾರದಲ್ಲಿ, ನಾಲ್ಕು ಜನರ ನಡುವೆ, ತಮ್ಮ ವಾಕ್ಯವನ್ನು ಪೂರ್ತಿ ಮುಗಿಸುವುದು ಅನುಭವಿಗಳಿಗೂ ಕಷ್ಟ. ವಾಹಿನಿಯವರನ್ನು ನಾಲ್ಕು ಪ್ರಶ್ನೆ ಕೇಳಿ: ಕಾರ್ಯಕ್ರಮದ ಶೀರ್ಷಿಕೆ ಏನು, ಜೊತೆಗೆ ಯಾರಿರುತ್ತಾರೆ, ನೇರಪ್ರಸಾರವೋ ರೆಕಾರ್ಡ್ ಮಾಡಿದ್ದೋ, ನನಗೆ ಎಷ್ಟು ನಿಮಿಷ? ‘ಕ್ಯಾನ್ಸರ್‌ಗೆ ಮನೆಮದ್ದು’ ಎಂಬಂಥ ಶೀರ್ಷಿಕೆ ಇದ್ದರೆ ನಯವಾಗಿ ಬೇಡವೆನ್ನಿ. ಒಬ್ಬ ಕ್ಯಾನ್ಸರ್ ತಜ್ಞ ವೈದ್ಯರ ಜೊತೆ, ರೆಕಾರ್ಡ್ ಮಾಡುವ ಸಂದರ್ಶನಕ್ಕೆ ಕರೆದರೆ ತರಬೇತಿ ಮುಗಿಸಿಕೊಂಡು, ಸಂಸ್ಥೆಯ ಅನುಮತಿ ಪಡೆದು ಹೋಗಿ.

ಇನ್ನು ಗಿಡದ ಹೆಸರು. ನಮ್ಮ ಪಶ್ಚಿಮಘಟ್ಟದ ದುರ್ವಾಸನೆ ಮರದ ಕಥೆ ನಿಮಗೆ ಗೊತ್ತಿರಬೇಕು. ಕ್ಯಾನ್ಸರ್ ಔಷಧಿಗಳ ತಯಾರಿಕೆಗೆ ಬೇಕಾದ ಕ್ಯಾಂಪ್ಟೊಥೆಸಿನ್ ಅದರಲ್ಲಿ ಹೇರಳವಾಗಿದೆ ಎಂದು ಗೊತ್ತಾದ ಮೇಲೆ ಬೇಡಿಕೆ ಏರಿ, ಕಾಡಿನಲ್ಲಿ ಆ ಮರಗಳನ್ನು ಎಗ್ಗಿಲ್ಲದೆ ಕಡಿದು, ಅವುಗಳ ಸಂಖ್ಯೆಯೇ ಕುಸಿಯಿತು. ಅಲ್ಲಿ ಔಷಧಿಯಾದರೂ ನಿಜವಾಗಿತ್ತು. ನಿಮ್ಮ ಗಿಡದಿಂದ ಔಷಧಿ ಬರುವುದೋ ಇಲ್ಲವೋ ಎಂಬುದೇ ಇನ್ನೂ ತಿಳಿಯದು. ಅಷ್ಟರೊಳಗೆ ಕಾಡಿನಲ್ಲಿ ಅದು ಬರಿದಾಗಬಾರದು. ಮಾಧ್ಯಮದವರಿಗೆ ಹೆಸರು ಹೇಳುವ ಮುನ್ನ ಈ ಲೆಕ್ಕವನ್ನೂ ಹಾಕಿ. ಇಂಥ ವಿವೇಚನೆಯನ್ನು ಯಾವ ತರಬೇತಿಯ ಸ್ಲೈಡೂ ಕಲಿಸುವುದಿಲ್ಲ, ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನಿಮಗೆ ಅದನ್ನು ಹೇಳಿಕೊಡಬೇಕಾಗಿಯೂ ಇಲ್ಲ.

ಈ ಅಂಕಣ ಓದುವ ಗೈಡ್‌ಗಳಲ್ಲಿ, ಸಂಸ್ಥೆಗಳ ಮುಖ್ಯಸ್ಥರಲ್ಲಿ ನನ್ನದೊಂದು ಮನವಿ. ಪೈಪೆಟ್ ಹಿಡಿಯುವುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಕಲಿಸುತ್ತೀರಿ. ತಾನು ಕಂಡದ್ದನ್ನು, ಕಾಣದೇ ಇದ್ದದ್ದನ್ನು ಜನರಿಗೆ ಹೇಳುವುದು ಹೇಗೆ ಎಂಬುದನ್ನು ತಪ್ಪಾದ ಮೇಲೆ ಬೈದು ಕಲಿಸಬೇಡಿ. ಸಂಶೋಧನೆಯ ಮೊದಲ ವರ್ಷದಲ್ಲೇ ಅದೂ ಪಾಠವಾಗಲಿ, ಕನ್ನಡದಲ್ಲಿಯೂ ಆಗಲಿ. ಮತ್ತು ನೀವು, ತರಬೇತಿಯ ಪಟ್ಟಿಗೆ ನಾಳೆಯೇ ಹೆಸರು ಬರೆಸಿ. ರೋಗಿಯ ಮನೆಯವರಿಗೆ ಸುಳ್ಳು ಭರವಸೆ ಹೋಗದಂತೆ ಮಾತಾಡಬಲ್ಲ ಸಂಶೋಧಕರು ಈ ನಾಡಿಗೆ ತುರ್ತಾಗಿ ಬೇಕಾಗಿದ್ದಾರೆ.